ಅವ್ವನನ್ನು ಮಣೆ ಮೇಲೆ ಕೂರಿಸಿ ಮಾತಾಡಿದ್ದು

ಹಾಸನದಲ್ಲಿ ನಂದೊಂದು ಸಣ್ಣ ಟೈಲರಿಂಗ್ ಅಂಗಡಿ ಇದೆ. ಬ್ಲೌಸ್, ಸೀರೆಗೆ ಫಾಲ್, ಹಳೆ ಪ್ಯಾಂಟಿಗೆ ಜಿಪ್. ನಾನು ಡಾಕ್ಟರೂ ಅಲ್ಲ, ಕೌನ್ಸೆಲರೂ ಅಲ್ಲ. ಆದರೆ ಎಕ್ಸ್‌ಪೀರಿಯೆನ್ಶಿಯಲ್ ಥೆರಪಿ ಅಂತಾರಲ್ಲ, ಮನಸ್ಸಿನ ನೋವನ್ನು ಬರೀ ಹೇಳದೆ ಮಾಡಿ ನೋಡುವ ಚಿಕಿತ್ಸೆ, ಅದರಲ್ಲಿ ಎಂಟು ತಿಂಗಳು ಕೂತು ಎದ್ದವಳು. ಅದು ಹೇಗಿರುತ್ತೆ, ಮನೆಯಲ್ಲಿ ಎಷ್ಟು ಮಾಡಬಹುದು, ಎಲ್ಲಿ ಕೈ ಹಾಕಬಾರದು ಅಂತ ಒಂದಿಬ್ಬರು ಗಿರಾಕಿಗಳು ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ಅವ್ವನಿಗೆ ಸಕ್ಕರೆ ಕಾಯಿಲೆ. ಎಡಗಾಲಿನ ಹಿಮ್ಮಡಿಯ ಗಾಯ ಒಂದೂವರೆ ವರ್ಷ ಮಾಯಲಿಲ್ಲ. ದಿನಾ ತೊಳೆದು ಡ್ರೆಸ್ಸಿಂಗ್ ಮಾಡುವುದು ನನ್ನ ಕೆಲಸ. ದೀಪಾವಳಿ ಹತ್ತಿರ ಬಂದಿತ್ತು, ಹಾಸನಾಂಬೆ ಬಾಗಿಲು ತೆರೆದಿತ್ತು, ಅಂಗಡಿಯಲ್ಲಿ ತಲೆ ಎತ್ತಲು ಪುರುಸೊತ್ತಿರಲಿಲ್ಲ. ಅವ್ವನಿಗೆ ದರ್ಶನಕ್ಕೆ ಹೋಗಬೇಕು ಅಂತ ಹಟ. ಆ ರಾತ್ರಿ ನೀರಿನ ಬೇಸಿನ್ ಕುಕ್ಕಿ, "ನೀನಾದ್ರೂ ಹೋಗಬಾರ್ದಾ, ನಾನಾದ್ರೂ ಹೋಗಬಾರ್ದಾ" ಅಂದುಬಿಟ್ಟೆ. ಅವ್ವ ಏನೂ ಅನ್ನಲಿಲ್ಲ. ಹತ್ತೊಂಬತ್ತು ದಿನಕ್ಕೆ ಹೋದಳು.

ಹಾಲು-ತುಪ್ಪ, ತಿಥಿ ಎಲ್ಲ ಸರಿಯಾಗಿಯೇ ಮುಗಿಸಿದೆ. ಅಳು ಬರಲಿಲ್ಲ. ನಿದ್ದೆ ಹೋಯಿತು. ಮೂರು ಗಂಟೆಗೆ ಎಚ್ಚರವಾದರೆ ಮುಗಿಯಿತು.

ಕೌನ್ಸೆಲರ್ ಹತ್ತಿರ ಹೋಗಿ ಇಷ್ಟನ್ನೂ ಹತ್ತು ನಿಮಿಷದಲ್ಲಿ ಹೇಳಿದೆ, ಬಿಲ್ ಓದಿದ ಹಾಗೆ. ಅವರು ಕೇಳಿಸಿಕೊಂಡು, "ಬೇಸಿನ್ ಹೇಗೆ ಹಿಡಿದಿದ್ರಿ, ಒಂದ್ಸಲ ತೋರಿಸಿ" ಅಂದರು. ಸುಮ್ನೆ ಕೈ ಎತ್ತಿದೆ. ಎರಡೂ ಕೈ ನಡುಗಲು ಶುರುವಾಯಿತು. ಬಾಯಿಗೆ ಅಭ್ಯಾಸವಾಗಿದ್ದ ಕಥೆ ಕೈಗೆ ಆಗಿರಲಿಲ್ಲ.

ಈ ಥೆರಪಿ ಕೆಲಸ ಮಾಡುವುದು ಅಲ್ಲೇ. ಆದದ್ದನ್ನು ಬರೀ ಹೇಳುವುದಿಲ್ಲ, ಸುರಕ್ಷಿತವಾದ ಜಾಗದಲ್ಲಿ ಒಂದು ಚೂರನ್ನು ಮತ್ತೆ ಮಾಡಿ ನೋಡುತ್ತೇವೆ. ಆಗ ಹೇಳಬೇಕಾಗಿದ್ದು, ಅಳಬೇಕಾಗಿದ್ದು ಈಗ ಆಗುತ್ತದೆ, ಪಕ್ಕದಲ್ಲಿ ಒಬ್ಬರು ಇರುವಾಗ. ನಾಟಕ, ಚಿತ್ರ, ಮಣ್ಣು, ಕುಣಿತ, ತೋಟದ ಕೆಲಸ, ಕುದುರೆ ಜೊತೆ ಇರುವುದು, ಎಲ್ಲವೂ ಇದರೊಳಗೆ ಬರುತ್ತವೆ. ಯಾಕೋಬ್ ಮೊರೆನೊ ಎಂಬ ವೈದ್ಯರು 1920ರ ದಶಕದಲ್ಲಿ ವಿಯೆನ್ನಾದ ನಾಟಕದ ಪ್ರಯೋಗಗಳಿಂದ ಸೈಕೋಡ್ರಾಮಾ, ಅಂದರೆ ಆದದ್ದನ್ನು ನಟಿಸಿ ನೋಡುವ ಚಿಕಿತ್ಸೆ, ಬೆಳೆಸಿದರು. ಖಾಲಿ ಕುರ್ಚಿಯನ್ನು ಮುಂದಿಟ್ಟು ಮಾತಾಡಿಸುವುದನ್ನು ಫ್ರಿಟ್ಸ್ ಪರ್ಲ್ಸ್ ಎಂಬ ಮನೋವೈದ್ಯರು ಜನಪ್ರಿಯ ಮಾಡಿದರು.

ಖಾಲಿ ಕುರ್ಚಿ ವಿಷಯವನ್ನೇ ವಿವರವಾಗಿ ಹೇಳುತ್ತೇನೆ, ನನಗೆ ಹಿಡಿಸಿದ್ದು ಅದು. ನನ್ನ ಅವ್ವ ಜನ್ಮದಲ್ಲಿ ಕುರ್ಚಿ ಮೇಲೆ ಕೂತು ಉಂಡವಳಲ್ಲ. ಹಾಗಾಗಿ ಮನೆಯಿಂದ ಅವಳ ಮಣೆಯನ್ನೇ ಚೀಲದಲ್ಲಿ ಹಾಕಿಕೊಂಡು ಹೋದೆ. ಇದು ಮುಖ್ಯ. ಯಾವುದೋ ಪ್ಲಾಸ್ಟಿಕ್ ಕುರ್ಚಿಗಿಂತ ಆ ವ್ಯಕ್ತಿ ಬಳಸಿದ ವಸ್ತು ಇದ್ದರೆ ಮನಸ್ಸು ಬೇಗ ಒಪ್ಪುತ್ತದೆ. ಎದುರಿಗೆ ಇಡಿ. ಎಷ್ಟು ದೂರ ಅಂತ ನೀವೇ ನೋಡಿಕೊಳ್ಳಿ. ನಾನು ಮೊದಲ ದಿನ ಗೋಡೆ ಮೂಲೆಗೆ ಇಟ್ಟಿದ್ದೆ. ಅವರು ಏನು ಉಟ್ಟಿದ್ದಾರೆ, ಕೈ ಎಲ್ಲಿದೆ, ಮುಖ ಹೇಗಿದೆ ಅಂತ ಒಂದು ನಿಮಿಷ ನೋಡಿ. ಆಮೇಲೆ ಅವರ ಬಗ್ಗೆ ಮಾತಾಡಬೇಡಿ, ಅವರ ಜೊತೆ ಮಾತಾಡಿ. "ಅವ್ವನ ಮೇಲೆ ನಂಗೆ ಸಿಟ್ಟಿತ್ತು" ಅಂದರೆ ಏನೂ ಆಗಲ್ಲ. "ಅವ್ವಾ, ನಿನ್ ಮೇಲೆ ಸಿಟ್ಟಿದೆ" ಅನ್ನಿ. ಗಂಟಲು ಕಟ್ಟುತ್ತದೆ. ಕ್ಷಮೆ ಕೇಳಲು ಅವಸರ ಮಾಡಬೇಡಿ. ನಾನು ಶುರುವಲ್ಲೇ "ತಪ್ಪಾಯ್ತು" ಅಂತ ಹೊರಟಾಗ ಕೌನ್ಸೆಲರ್ ತಡೆದರು. ಮೊದಲು ಸಿಟ್ಟು ಬರಲಿ ಅಂದರು. ಒಂದೂವರೆ ವರ್ಷದ ಸಿಟ್ಟು ಬಂತು. ನನ್ನ ತಮ್ಮನಿಗೆ ಒಂದು ಕೆಲಸವನ್ನೂ ಹೇಳದೆ ಎಲ್ಲ ನನ್ನ ತಲೆಗೇ ಕಟ್ಟಿದ್ದಳಲ್ಲ, ಅದು.

ಆಮೇಲೆ ಜಾಗ ಬದಲಿಸಬೇಕು. ಎದ್ದು ಹೋಗಿ ಮಣೆ ಮೇಲೆ ನೀವೇ ಕೂರಬೇಕು, ಅವರ ಹಾಗೇ. ನಾನು ಎಡಗಾಲು ಚಾಚಿಕೊಂಡು ಕೂತೆ. "ಈಗ ನೀವು ಅವ್ವ. ಮಗಳಿಗೆ ಏನು ಹೇಳ್ತೀರಿ?" ಅಂದರು. "ಕ್ಷಮಿಸಿದ್ದೀನಿ ಮಗಳೇ" ಅಂತ ಬರುತ್ತೆ ಅಂದುಕೊಂಡಿದ್ದೆ. ಬಾಯಿಂದ ಬಂದದ್ದು, "ಮಿಷನ್ ನಿಲ್ಸು, ಉಂಡ್ಕೊಂಡ್ ಹೋಗು." ಅಷ್ಟೇ. ಅವತ್ತು ಅತ್ತೆ, ಸೆರಗು ಹಿಂಡುವಷ್ಟು. ಅವ್ವ ನಿಜವಾಗಿ ಬಂದು ಮಾತಾಡಿದಳು ಅಂತ ನಾನು ಹೇಳುತ್ತಿಲ್ಲ. ನನ್ನೊಳಗಿದ್ದ ಅವ್ವ ಬರೀ ಆ ಒಂದು ರಾತ್ರಿಯ ಅವ್ವ ಆಗಿಬಿಟ್ಟಿದ್ದಳು. ಅವತ್ತು ಉಳಿದ ಅವ್ವ ಸಿಕ್ಕಳು.

ಮನೆಯಲ್ಲಿ ಮಾಡುವುದಾದರೆ ದೊಡ್ಡ ಗಾಯಕ್ಕೆ ಕೈ ಹಾಕಬೇಡಿ. ಅಕ್ಕನ ಜೊತೆ ಮಾತು ಬಿಟ್ಟದ್ದು, ಕೇಳಲಾಗದೆ ಉಳಿದ ಒಂದು ಪ್ರಶ್ನೆ, ಅಂಥದ್ದರಿಂದ ಶುರು ಮಾಡಿ. ಇಪ್ಪತ್ತು ನಿಮಿಷಕ್ಕೆ ಅಲಾರಂ ಇಡಿ. ಪಕ್ಕದ ಕೋಣೆಯಲ್ಲಿ ನಂಬುವ ಒಬ್ಬರು ಇರಲಿ. ರಾತ್ರಿ ಮಲಗುವ ಹೊತ್ತು ಬೇಡ, ಕುಡಿದಾಗ ಬೇಡವೇ ಬೇಡ. ಎದೆ ಜಾಸ್ತಿ ಹೊಡೆದುಕೊಂಡರೆ ಅಲ್ಲಿಗೇ ನಿಲ್ಲಿಸಿ. ಎರಡೂ ಪಾದ ನೆಲಕ್ಕೆ ಒತ್ತಿ, ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರು ಜೋರಾಗಿ ಹೇಳಿ, ತಣ್ಣೀರಲ್ಲಿ ಮುಖ ತೊಳೆಯಿರಿ. ಮುಗಿದ ಮೇಲೆ ಏನಾದರೂ ತಿನ್ನಿ. ಮಾರನೇ ದಿನ ಸುಸ್ತಾಗಬಹುದು, ಅವತ್ತು ಕೆಲಸ ಕಡಿಮೆ ಇಟ್ಟುಕೊಳ್ಳಿ.

ಕೈಗೆ ಕೆಲಸ ಕೊಡಬೇಕು ಅಂದಾಗ ನಾನು ಹೊಲಿಗೆ ಆಗುತ್ತೆ ಅಂದುಕೊಂಡೆ. ಆಗಲಿಲ್ಲ. ಕೈಗೆ ಅದು ಕಣ್ಣುಮುಚ್ಚಿಯೂ ಬರುತ್ತೆ, ಮನಸ್ಸು ಎಲ್ಲೋ ಇರುತ್ತೆ. ನಿಮಗೆ ಬಾರದ ಕೆಲಸ ಆರಿಸಿ. ಗಣೇಶನ ಹಬ್ಬಕ್ಕೆ ತಂದ ಜೇಡಿಮಣ್ಣು ಒಂದು ಮುದ್ದೆ ಉಳಿದಿತ್ತು, ಅದನ್ನು ತಟ್ಟುತ್ತಾ ಕೂತೆ. ಏನು ಮಾಡಬೇಕು ಅಂತ ಯೋಚಿಸಲಿಲ್ಲ. ಅರ್ಧ ಗಂಟೆಗೆ ಒಂದು ಹಿಮ್ಮಡಿ ಆಗಿತ್ತು, ಬಿರುಕು ಸಮೇತ. ಚೆನ್ನಾಗಿ ಬರಬೇಕು ಅಂತೇನಿಲ್ಲ, ಯಾರಿಗೂ ತೋರಿಸಬೇಕಿಲ್ಲ. ಬರೆಯಲು ಬರುವವರು ನಾಲ್ಕು ದಿನ, ದಿನಕ್ಕೆ ಹದಿನೈದು-ಇಪ್ಪತ್ತು ನಿಮಿಷ ತಡೆಯದೆ ಬರೆಯಬಹುದು. ಜೇಮ್ಸ್ ಪೆನ್ನೆಬೇಕರ್ ಎಂಬ ಮನೋವಿಜ್ಞಾನಿ ಇಂಥ ಬರವಣಿಗೆಯ ಮೇಲೆ 1980ರ ದಶಕದಿಂದ ಕೆಲಸ ಮಾಡಿದ್ದಾರೆ. ಬರೆದು ಹರಿದು ಹಾಕಿದರೂ ಸರಿ.

ಒಂದು ಎಚ್ಚರಿಕೆ. ಕೌನ್ಸೆಲರ್ ಸಿಗುವ ಮುಂಚೆ ಒಂದು ದಿನದ ಶಿಬಿರಕ್ಕೆ ಹೋಗಿದ್ದೆ. ಕತ್ತಲೆ ಮಾಡಿ, ದೊಡ್ಡದಾಗಿ ಹಾಡು ಹಾಕಿ, "ತಾಯಿಯನ್ನು ನೆನೆಯಿರಿ" ಅಂತ ಎಲ್ಲರನ್ನೂ ಅಳಿಸಿದರು. ಐದು ಗಂಟೆಗೆ ಸರ್ಟಿಫಿಕೇಟ್ ಕೊಟ್ಟು ಕಳಿಸಿದರು. ಒಂದು ವಾರ ನಾನು ಮನುಷ್ಯಳಾಗಿರಲಿಲ್ಲ. ಅಳಿಸುವುದು ಸುಲಭ. ಬಿಚ್ಚಿದ್ದನ್ನು ಮತ್ತೆ ಹೊಲಿದು ಕೊಡುವವರು ಇದ್ದಾರಾ ಅಂತ ನೋಡಿ. ಯಾರ ಹತ್ತಿರ ಹೋದರೂ ಏನು ಓದಿದ್ದೀರಿ, ಈ ವಿಧಾನದಲ್ಲಿ ತರಬೇತಿ ಎಲ್ಲಿ ಆಯ್ತು, ನಡುವೆ ಬೇಡ ಅಂದರೆ ನಿಲ್ಲಿಸ್ತೀರಾ ಅಂತ ಕೇಳಿ. ಕೇಳಿದ್ದಕ್ಕೆ ಮುಖ ಗಂಟು ಹಾಕಿಕೊಂಡರೆ ಎದ್ದು ಬನ್ನಿ.

ಹೊಡೆತ, ಬಲಾತ್ಕಾರ, ಕಣ್ಣೆದುರಿಗೆ ಆದ ಸಾವು, ಇಲ್ಲದ ದನಿ ಕೇಳಿಸುವುದು, ಇವಕ್ಕೆಲ್ಲ ಮನೆಮದ್ದು ಬೇಡ. ಮಾತ್ರೆ ತಗೊಳ್ತಿದ್ದರೆ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ, ನಾನೂ ನಿದ್ದೆಗೆ ಕೆಲವು ತಿಂಗಳು ತಗೊಂಡಿದ್ದೆ. ಜಿಲ್ಲಾಸ್ಪತ್ರೆಯ ಮಾನಸಿಕ ವಿಭಾಗದಲ್ಲಿ ತೋರಿಸಬಹುದು. ಸಾಯುವ ಯೋಚನೆ ಬಂದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ರಾತ್ರಿ-ಹಗಲು ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ನಮ್ಮ ಕಡೆ ಮಹಾಲಯಕ್ಕೆ ಹಿರಿಯರಿಗೆ ಎಡೆ ಇಟ್ಟು, ಅವರು ಬಂದು ಉಣ್ಣಲಿ ಅಂತ ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ಬರುತ್ತೇವೆ. ಈ ಸಲ ಮುದ್ದೆ, ಅವರೆಕಾಳಿನ ಸಾರು, ಒಬ್ಬಟ್ಟು ಇಟ್ಟೆ. ಮಣೆಯನ್ನೂ ಹಾಕಿದೆ. ಎಲ್ಲರೂ ಹೊರಗೆ ಹೋದರು. ನಾನು ಹೋಗಲಿಲ್ಲ. "ಸಕ್ಕರೆ ಕಾಯಿಲೆ ಅಂತ ಒಬ್ಬಟ್ಟು ಒಂದೇ ಇಟ್ಟಿದೀನಿ ಕಣವ್ವ" ಅಂದೆ. ಹೊರಗಿಂದ ತಮ್ಮ, "ಯಾರ ಜೊತೆ ಮಾತಾಡ್ತಿದೀಯಕ್ಕಾ?" ಅಂದ. ಒಳಗೆ ಬಾ ಅಂತ ಕರೆದೆ.