ಹತ್ತು ಅಡಿ ದೂರದಿಂದ ಸಾಂಟಾ ತಾತನಿಗೆ ಟಾಟಾ

ನಮ್ಮ ಮನೆಯ ಗೋಡೆ ಮೇಲೆ ಒಂದು ಫೋಟೊ ಇತ್ತು, ಈಗ ಇಲ್ಲ. ಅದರಲ್ಲಿ ನನ್ನ ದೊಡ್ಡವಳಿಗೆ ಒಂದು ವರ್ಷ ಎಂಟು ತಿಂಗಳು. ಸಾಂಟಾ ತೊಡೆಯ ಮೇಲೆ ಕೂತು, ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ, ಬಾಯಿ ಇಷ್ಟಗಲ ತೆರೆದು ಅಳುತ್ತಿದ್ದಾಳೆ. ಎರಡೂ ಕೈ ನನ್ನ ಕಡೆ ಚಾಚಿದ್ದಾಳೆ. ಫೋಟೊದ ಅಂಚಿನಲ್ಲಿ ನನ್ನ ಮೊಣಕೈ ಸ್ವಲ್ಪ ಕಾಣುತ್ತದೆ. ಮನೆಗೆ ಬಂದವರೆಲ್ಲ ಅದನ್ನು ನೋಡಿ ನಗುತ್ತಿದ್ದರು, ನಾವೂ ನಗುತ್ತಿದ್ದೆವು. ಅವಳಿಗೆ ನಾಲ್ಕು ತುಂಬಿದ ಮೇಲೆ ಒಂದು ದಿನ ಆ ಫೋಟೊ ಮುಂದೆ ನಿಂತುಕೊಂಡು ಕೇಳಿದಳು: "ಅಮ್ಮಾ, ನಾನು ಅಳ್ತಾ ಇದ್ದೆ, ನೀನ್ಯಾಕೆ ಎತ್ಕೊಳ್ಳಲಿಲ್ಲ?"

ಏನು ಹೇಳೋದು? ಅವತ್ತೇ ಇಳಿಸಿದೆ.

ಆ ಮೊದಲನೇ ಸಲ ನಾನು ಮಾಡಿದ ತಪ್ಪುಗಳನ್ನು ಈಗ ನೆನೆಸಿಕೊಂಡರೆ ಒಂದಾದರೂ ಬಿಟ್ಟಿದ್ದೆನಾ ಅನಿಸುತ್ತದೆ. ಹೋದದ್ದು ಕ್ರಿಸ್‌ಮಸ್‌ಗೆ ಮುಂಚಿನ ಶನಿವಾರ, ಅದೂ ಮಧ್ಯಾಹ್ನ, ಅವಳು ಮಲಗುವ ಹೊತ್ತಿಗೆ. ಮಾಲ್‌ನಲ್ಲಿ ಸಾಲು ಮೆಟ್ಟಿಲವರೆಗೂ ಇತ್ತು. ಫೋಟೊದಲ್ಲಿ ಚೆನ್ನಾಗಿ ಕಾಣಲಿ ಅಂತ ಹೊಸ ಉಣ್ಣೆ ಸ್ವೆಟರ್ ಹಾಕಿದ್ದೆ. ಒಳಗೆ ಸೆಕೆ, ಕುತ್ತಿಗೆ ಹತ್ತಿರ ಅದು ಚುಚ್ಚುತ್ತಿತ್ತು ಅಂತ ಗೊತ್ತಾಗಿದ್ದು ರಾತ್ರಿ ಬಟ್ಟೆ ಬಿಚ್ಚಿದಾಗ. ಒಂದೂವರೆ ಗಂಟೆ ಕಾದೆವು. ನಮ್ಮ ಸರದಿ ಬರುವ ಹೊತ್ತಿಗೆ ಅವಳು ಆಗಲೇ ಮುಲುಗುಟ್ಟುತ್ತಿದ್ದಳು. ಎಲ್ಫ್ (ಕಥೆಗಳಲ್ಲಿ ಸಾಂಟಾಗೆ ಸಹಾಯ ಮಾಡುವ ಪುಟ್ಟ ಜೀವಿ) ವೇಷದ ಹುಡುಗಿ "ಬೇಗ ಬೇಗ" ಅಂದಳು, ನಾನು ಮಗುವನ್ನು ಸಾಂಟಾ ತೊಡೆ ಮೇಲೆ ಇಟ್ಟು ಹಿಂದೆ ಸರಿದೆ. ಅವಳು ಚೀರಿದಾಗ ವಾಪಸ್ ಎತ್ತಿಕೊಳ್ಳಬೇಕಿತ್ತು. ಆದರೆ ತಲೆಯಲ್ಲಿ ಇದ್ದದ್ದು ಒಂದೇ: ಇಷ್ಟು ಹೊತ್ತು ನಿಂತಿದ್ದೀವಿ, ಸುಮ್ನೆ ಹಾಗೇ ಹೋಗೋದಾ?

ಆಮೇಲೆ ಇದರ ಬಗ್ಗೆ ಓದಿಕೊಂಡೆ. ಮಕ್ಕಳಿಗೆ ಹೊಸಬರ ಭಯ ಸಾಮಾನ್ಯವಾಗಿ ಎಂಟು ಒಂಬತ್ತು ತಿಂಗಳ ಹೊತ್ತಿಗೆ ಶುರುವಾಗುತ್ತದೆ, ಎರಡು ವರ್ಷದ ಆಸುಪಾಸಿನಲ್ಲಿ ಕಡಿಮೆಯಾಗುತ್ತಾ ಬರುತ್ತದೆ, ಕೆಲವರಿಗೆ ಇನ್ನೂ ತಡ. ಅಂದರೆ ನಾವು ಕರೆದುಕೊಂಡು ಹೋದದ್ದು ಸರಿಯಾಗಿ ಭಯದ ವಯಸ್ಸಿನಲ್ಲೇ. ಅದೂ ಎಂಥ ಹೊಸಬ! ಚಿಕ್ಕ ಮಕ್ಕಳು ಎದುರಿಗಿದ್ದವರ ಮುಖ ನೋಡಿಯೇ ಇವರು ಒಳ್ಳೆಯವರೋ ಅಲ್ಲವೋ ಅಂತ ಅಂದಾಜು ಮಾಡುತ್ತಾರೆ. ಇಲ್ಲಿ ಗಡ್ಡ ಬಾಯಿಯನ್ನು ಮುಚ್ಚಿದೆ, ಟೋಪಿ ಹಣೆಯನ್ನು ಮುಚ್ಚಿದೆ, ಉಳಿದದ್ದು ಎರಡು ಕಣ್ಣು. ಮೇಲಿಂದ ಗಟ್ಟಿ ದನಿಯಲ್ಲಿ ಹೋ ಹೋ ಹೋ. ಇನ್ನೊಂದು ಮಾತು ನನಗೆ ಜಾಸ್ತಿ ಚುಚ್ಚಿತು. ಗೊತ್ತಿಲ್ಲದವರ ಹತ್ತಿರ ಹೋಗಬೇಡ, ಇಷ್ಟವಿಲ್ಲ ಅಂದರೆ ಬೇಡ ಅನ್ನು ಅಂತ ವರ್ಷವಿಡೀ ಮಕ್ಕಳಿಗೆ ಹೇಳಿಕೊಡುತ್ತೇವೆ. ಡಿಸೆಂಬರ್ ಬಂದ ತಕ್ಷಣ ಗೊತ್ತಿಲ್ಲದ ಒಬ್ಬ ಮನುಷ್ಯನ ತೊಡೆ ಮೇಲೆ ಕೂರಿಸಿ, ಬೇಡ ಅಂದರೂ ನಗು ನಗು ಅನ್ನುತ್ತೇವೆ.

ಮಾಲ್‌ನಲ್ಲಿ ಸಾಂಟಾ ಕೂರುವ ಪದ್ಧತಿ ಹೇಗೆ ಶುರುವಾಯಿತು ಅಂತಲೂ ಹುಡುಕಿದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಬ್ರಾಕ್ಟನ್ ಊರಿನಲ್ಲಿ ಜೇಮ್ಸ್ ಎಡ್ಗರ್ ಅಂತ ಒಬ್ಬ ಅಂಗಡಿ ಮಾಲೀಕ ಇದ್ದ. 1890ರಲ್ಲಿ ತಾನೇ ಸಾಂಟಾ ಬಟ್ಟೆ ಹೊಲಿಸಿಕೊಂಡು ಹಾಕಿಕೊಂಡ. ಅಂಗಡಿಯಲ್ಲಿ ಸಾಂಟಾ ಕಾಣಿಸಿಕೊಂಡದ್ದು ಅದೇ ಮೊದಲು ಅಂತ ತುಂಬಾ ಜನ ಹೇಳುತ್ತಾರೆ, ಆ ಹೆಮ್ಮೆ ತಮ್ಮದು ಅನ್ನುವವರು ಬೇರೆಯವರೂ ಇದ್ದಾರೆ. ನನಗೆ ಹಿಡಿಸಿದ್ದು ಬೇರೆ ವಿಷಯ. ಅವನು ಕುರ್ಚಿ ಹಾಕಿಕೊಂಡು ಕೂತಿರಲಿಲ್ಲವಂತೆ, ಅಂಗಡಿಯೊಳಗೆ ಓಡಾಡಿಕೊಂಡು ಮಕ್ಕಳನ್ನು ಮಾತಾಡಿಸುತ್ತಿದ್ದನಂತೆ. ಇಷ್ಟ ಇದ್ದ ಮಗು ಹತ್ತಿರ ಹೋಗಬಹುದು, ಇಲ್ಲದ್ದು ಅಮ್ಮನ ಹಿಂದೆ ನಿಂತು ನೋಡಬಹುದು. ಸಿಂಹಾಸನ, ಸಾಲು, ಫೋಟೊ ಪ್ಯಾಕೇಜ್ ಇಲ್ಲದೆಯೂ ಇದು ನಡೆಯುತ್ತದೆ ಅಲ್ವಾ ಅಂತ ಆಗ ಅನಿಸಿತು.

ಮುಂದಿನ ವರ್ಷ ನಾನೂ ಇವರೂ ಮೊದಲೇ ಒಂದು ಮಾತು ಮಾಡಿಕೊಂಡೆವು. ಮುಟ್ಟುವುದು ಬೇಡ, ನೋಡುವುದು ಸಾಕು. ಫೋಟೊ ಸಿಕ್ಕರೆ ಸಿಕ್ಕಿತು.

ಎರಡು ವಾರ ಮುಂಚಿನಿಂದ ಮನೆಯಲ್ಲಿ ಆಟ ಶುರುಮಾಡಿದೆವು. ಇವರು ಅವಳ ಕಣ್ಣೆದುರೇ ಕೆಂಪು ಟೋಪಿ ಹಾಕಿಕೊಂಡು, ಹತ್ತಿಯ ಗಡ್ಡ ಅಂಟಿಸಿಕೊಂಡು ಹೋ ಹೋ ಅನ್ನುತ್ತಿದ್ದರು. "ಕಣ್ಣೆದುರೇ" ಅನ್ನುವುದು ಮುಖ್ಯ. ಮೊದಲ ದಿನ ಒಳಗಿನಿಂದ ವೇಷ ಹಾಕಿಕೊಂಡು ಬಂದಿದ್ದಕ್ಕೆ ಅವಳು ಸೋಫಾ ಹಿಂದೆ ಅಡಗಿಕೊಂಡಳು, ಸ್ವಂತ ಅಪ್ಪನಿಗೇ! ಗಡ್ಡ ತೆಗೆಯುವುದು, ಹಾಕುವುದು, ಅವಳ ಕೈಗೆ ಕೊಡುವುದು, ಅವಳ ಗೊಂಬೆಗೆ ಅಂಟಿಸುವುದು, ಹೀಗೆ ನಾಲ್ಕೈದು ದಿನ ಆದಮೇಲೆ ಗಡ್ಡದ ಭಯ ಹೋಯಿತು. ಜೊತೆಗೆ ಅಲ್ಲಿ ಏನೇನು ನಡೆಯುತ್ತದೆ ಅಂತ ಕಥೆ ಥರ ಹೇಳಿದೆ: ಸಾಲಲ್ಲಿ ನಿಲ್ತೀವಿ, ಗಂಟೆ ಸದ್ದು ಕೇಳುತ್ತೆ, ತಾತ ಕೂತಿರ್ತಾರೆ, ನೀನು ಟಾಟಾ ಮಾಡಬಹುದು, ಮಾಡದೇ ಇರಬಹುದು.

ಡಿಸೆಂಬರ್ ಮೊದಲ ವಾರ, ಮಂಗಳವಾರ ಬೆಳಿಗ್ಗೆ ಹೋದೆವು. ನಿದ್ದೆ ಆಗಿತ್ತು, ಹೊಟ್ಟೆ ತುಂಬಿತ್ತು, ಮೈಮೇಲೆ ಹಳೇ ಹತ್ತಿ ಫ್ರಾಕ್. ನಮ್ಮ ಮುಂದೆ ಮೂರೇ ಮನೆಯವರು. ಸಾಲಿಗೆ ನಿಲ್ಲುವ ಮುಂಚೆ ಒಂದು ಪಕ್ಕಕ್ಕೆ ನಿಂತು ಬೇರೆ ಮಕ್ಕಳು ಹೋಗಿಬರುವುದನ್ನು ಹತ್ತು ನಿಮಿಷ ನೋಡಿದೆವು. ಆಮೇಲೆ ನಮ್ಮ ಸರದಿ. ಅವಳು ಸುಮಾರು ಹತ್ತು ಅಡಿ ದೂರದಲ್ಲಿ ನಿಂತುಬಿಟ್ಟಳು. ನಾನು ಎಲ್ಫ್‌ಗೆ "ಇವಳು ಇಲ್ಲಿಂದಲೇ ಟಾಟಾ ಮಾಡ್ತಾಳೆ, ಫೋಟೊ ಬೇಡ" ಅಂದೆ. ಅವರೇನೂ ಮುಖ ಸಿಂಡರಿಸಲಿಲ್ಲ. ಸಾಂಟಾ ಅವಳನ್ನು ನೇರವಾಗಿ ನೋಡದೆ, ಪಕ್ಕಕ್ಕೆ ನೋಡಿಕೊಂಡು ಮೆಲ್ಲಗೆ ಕೈ ಬೀಸಿದರು. ಇವಳೂ ಬೀಸಿದಳು. ಅಷ್ಟೇ, ಎರಡು ನಿಮಿಷ. ವಾಪಸ್ ಬರುವಾಗ ದಾರಿಯುದ್ದಕ್ಕೂ "ತಾತ ನಂಗೆ ಟಾಟಾ ಮಾಡ್ದ" ಅಂತ ಹೇಳಿದ್ದೇ ಹೇಳಿದ್ದು. ಜನವರಿವರೆಗೂ ಹೇಳಿದಳು. ಫೋಟೊ ಎಲ್ಲಿ ಅಂತ ನಮ್ಮತ್ತೆ ಮಾತ್ರ ಎರಡು ಸಲ ಕೇಳಿದರು.

ಮೂರನೇ ವರ್ಷ ತಾನೇ ಹತ್ತಿರ ಹೋಗುತ್ತೇನೆ ಅಂದಳು. ಆದರೂ ನಾನು ಬೆಂಚಿನ ಒಂದು ತುದಿಗೆ ಕೂತೆ, ಅವಳು ನನ್ನ ತೊಡೆ ಮೇಲೆ, ಸಾಂಟಾ ಇನ್ನೊಂದು ತುದಿಗೆ. ಕೈಯಲ್ಲಿ ತಾನೇ ಬರೆದ ಚಿತ್ರ ಇತ್ತು, ತಾತನಿಗೆ ಕೊಡುವುದಕ್ಕೆ. ಇದನ್ನು ಎಲ್ಲರಿಗೂ ಹೇಳುತ್ತೇನೆ, ಕೈಯಲ್ಲಿ ಕೊಡುವ ವಸ್ತು ಒಂದಿದ್ದರೆ ಮಗುವಿಗೆ ಅಲ್ಲಿ ಏನು ಮಾಡಬೇಕು ಅಂತ ಗೊತ್ತಿರುತ್ತದೆ. ಬರೀ ಕೇಳುವುದಕ್ಕೆ ಹೋದರೆ ಎದುರು ನಿಂತಾಗ ಮಾತೇ ಹೊರಡುವುದಿಲ್ಲ. ಸಾಲಲ್ಲಿ ಇರುವಾಗಲೇ ಅವಳ ಹೆಸರನ್ನೂ ಸೈಕಲ್ ಕಲಿಯುತ್ತಿದ್ದಾಳೆ ಅನ್ನುವುದನ್ನೂ ಎಲ್ಫ್ ಕಿವಿಗೆ ಹಾಕಿದ್ದೆ. ಸಾಂಟಾ ಸೈಕಲ್ ಬಗ್ಗೆ ಕೇಳಿದಾಗ ಇವಳ ಕಣ್ಣು ನೋಡಬೇಕಿತ್ತು.

ಏನು ಬೇಕು ಅಂತ ಕೇಳಿದ್ದಕ್ಕೆ, ನಮ್ಮ ಜೊತೆ ಪ್ರಾಕ್ಟೀಸ್ ಮಾಡಿದ್ದನ್ನೆಲ್ಲ ಬಿಟ್ಟು, "ತಮ್ಮ ಪಾಪು" ಅಂದಳು. ನಾನೂ ಇವರೂ ಮುಖ ಮುಖ ನೋಡಿಕೊಂಡೆವು. ಸಾಂಟಾ ಒಂಚೂರೂ ತಡವರಿಸಲಿಲ್ಲ. "ಅಯ್ಯೋ, ಅದು ನನ್ನ ಚೀಲದಲ್ಲಿ ಹಿಡಿಯೋದಿಲ್ಲ ಪುಟ್ಟಿ, ಆದ್ರೆ ನಿನಗೆ ಆಟಕ್ಕೆ ಜೊತೆ ಬೇಕು ಅಂತ ನಂಗೆ ಗೊತ್ತಾಯ್ತು" ಅಂದರು. ಕೊಡ್ತೀನಿ ಅಂತ ಹೇಳಲಿಲ್ಲ, ಕೊಡಲ್ಲ ಅಂತಲೂ ಹೇಳಲಿಲ್ಲ. ಈ ಕೆಲಸಕ್ಕೂ ಶಾಲೆ ಇದೆ. ಚಾರ್ಲ್ಸ್ ಹೋವರ್ಡ್ ಅನ್ನುವವರು 1937ರಲ್ಲಿ ನ್ಯೂಯಾರ್ಕ್ ರಾಜ್ಯದ ಆಲ್ಬಿಯನ್‌ನಲ್ಲಿ ಸಾಂಟಾಗಳಿಗೆ ಪಾಠ ಹೇಳುವ ಶಾಲೆ ಶುರುಮಾಡಿದರು, ಅದು ಈಗಲೂ ಮಿಷಿಗನ್‌ನ ಮಿಡ್‌ಲ್ಯಾಂಡ್‌ನಲ್ಲಿ ನಡೆಯುತ್ತಿದೆ. ನಮ್ಮ ಸಾಂಟಾ ಅಂಥ ಶಾಲೆಗೆ ಹೋಗಿದ್ದರೋ ಇಲ್ಲವೋ, ಮಾತು ಮಾತ್ರ ಕಲಿತವರ ಹಾಗಿತ್ತು. ಕೈಗೆಟುಕದ ಆಸೆ ಹೇಳುವ ಮಕ್ಕಳು ಇದ್ದೇ ಇರುತ್ತಾರೆ, ಅದಕ್ಕೆ ಮಗು ಏನು ಕೇಳಿತು ಅನ್ನುವುದು ಕಿವಿಗೆ ಬೀಳುವಷ್ಟು ಹತ್ತಿರ ಇರಿ.

ಅದರ ಮುಂದಿನ ವರ್ಷ ಜ್ವರ. ಹೋಗಲಿಲ್ಲ. ಮೈ ಬಿಸಿ ಇರುವ ಮಗುವನ್ನು ನೂರು ಮಕ್ಕಳ ಮಧ್ಯೆ ನಿಲ್ಲಿಸುವುದು ಯಾರಿಗೂ ಒಳ್ಳೆಯದಲ್ಲ. ಮನೆಯಲ್ಲೇ ಕೂತು ಪತ್ರ ಬರೆದೆವು. ಕೆನಡಾದ ಅಂಚೆಯವರು ಸಾಂಟಾಗೆ ಅಂತಲೇ ಒಂದು ಪಿನ್ ಕೋಡ್ ಇಟ್ಟಿದ್ದಾರೆ, ಇಂಗ್ಲಿಷ್‌ನಲ್ಲಿ ಬರೆದರೆ ಹೋ ಹೋ ಹೋ ಅಂತ ಓದುವ ಹಾಗೆ. ಅದನ್ನು ಹೇಳಿದ್ದಕ್ಕೆ ಜ್ವರದಲ್ಲೂ ನಕ್ಕಳು.

ಐದನೇ ಡಿಸೆಂಬರ್‌ಗೆ ತಮ್ಮ ಪಾಪು ಬಂದೇಬಿಟ್ಟಿದ್ದ, ನಾಲ್ಕು ತಿಂಗಳು. (ಸಾಂಟಾನೇ ಕಳಿಸಿದ್ದು ಅಂತ ಅವಳ ವಾದ. ಒಂಬತ್ತು ತಿಂಗಳು ವಾಂತಿ ಮಾಡಿಕೊಂಡವಳು ನಾನು, ಹೆಸರು ಮಾತ್ರ ಅವನಿಗೆ.) ಆ ವಯಸ್ಸಿನ ಮಗು ಯಾರ ಕೈಗೆ ಕೊಟ್ಟರೂ ಸುಮ್ಮನಿರುತ್ತದೆ. ಸಾಂಟಾ ಕೈಯಲ್ಲಿ ಪೂರ್ತಿ ನಿದ್ದೆ ಹೊಡೆದ. ಆದರೆ ಅವತ್ತೇ ದೊಡ್ಡವಳಿಗೆ ಸಮಸ್ಯೆ ಎದ್ದಿತು. ಒಂದು ಕಡೆ ಸಾಂಟಾ ನೋಡಿ, ಅಲ್ಲಿಂದ ಇನ್ನೊಂದು ಕಡೆ ಹೋದರೆ ಅಲ್ಲೂ ಒಬ್ಬ ಸಾಂಟಾ. "ಇವನ ಬೂಟು ಬೇರೆ" ಅಂದಳು. ಮಕ್ಕಳು ಮುಖ ಬಿಟ್ಟು ಬೂಟು, ಕೈಗಡಿಯಾರ, ಕನ್ನಡಕ ಇವನ್ನೇ ನೋಡುತ್ತಾರೆ. ನಾನು ಸುಳ್ಳು ಕಟ್ಟಲು ಹೋಗಲಿಲ್ಲ. "ನಿಂಗೆ ಏನನ್ಸುತ್ತೆ?" ಅಂದೆ. ತುಂಬಾ ಹೊತ್ತು ಯೋಚಿಸಿ, "ಒಬ್ರಿಗೆ ಇಷ್ಟು ಮಕ್ಕಳನ್ನ ನೋಡಕ್ಕಾಗಲ್ಲ, ಅದಕ್ಕೆ ಬೇರೆಯವರಿಗೆ ಹೇಳಿದ್ದಾನೆ" ಅಂತ ತಾನೇ ಉತ್ತರ ಹುಡುಕಿಕೊಂಡಳು. ನಾನು ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. ಒಂದು ವರ್ಷಕ್ಕೆ ಒಬ್ಬ ಸಾಂಟಾ ಸಾಕು ಅನ್ನುವುದು ಆಮೇಲಿಂದ ನಮ್ಮ ಮನೆಯ ನಿಯಮ.

ಇನ್ನೊಂದನ್ನೂ ಆ ವರ್ಷವೇ ನಿಲ್ಲಿಸಿದೆವು, "ಹಟ ಮಾಡಿದ್ರೆ ಸಾಂಟಾ ಏನೂ ಕೊಡಲ್ಲ" ಅಂತ ಹೆದರಿಸುವುದು. ಹೆದರಿಸಿದವರ ಹತ್ತಿರವೇ ಪ್ರೀತಿಯಿಂದ ಹೋಗು ಅಂದರೆ ಮಗು ಹೇಗೆ ಹೋಗುತ್ತದೆ?

ಚಿಕ್ಕವನಿಗೆ ಒಂದು ವರ್ಷ ನಾಲ್ಕು ತಿಂಗಳಿದ್ದಾಗ ಅವನನ್ನು ಮನೆಯಲ್ಲೇ ಬಿಟ್ಟು ಹೋದೆ. ಯಾರೂ ಅಳಲಿಲ್ಲ. ಅದರ ಮುಂದಿನ ವರ್ಷ ಸದ್ದಿಲ್ಲದ ಹೊತ್ತಿನಲ್ಲಿ ಕರೆದುಕೊಂಡು ಹೋದೆ. ಕೆಲವು ಕಡೆ ಸದ್ದು, ಬೆಳಕು, ಗದ್ದಲ ತಡೆಯಲಾಗದ ಮಕ್ಕಳಿಗೆ ಅಂತ ಅಂಗಡಿ ತೆರೆಯುವ ಮುಂಚೆಯೇ ಪ್ರತ್ಯೇಕ ಸಮಯ ಇಡುತ್ತಾರೆ. ಹಾಡು ನಿಲ್ಲಿಸಿರುತ್ತಾರೆ, ದೀಪ ಮಂದವಾಗಿರುತ್ತದೆ, ಸಾಲು ಇರುವುದಿಲ್ಲ, ಸಾಂಟಾ ನೆಲದ ಮೇಲೆ ಕೂರಲೂ ಸಿದ್ಧ. ಇವನಿಗೆ ಮಿಕ್ಸಿ ಸದ್ದಿಗೂ ಕಿವಿ ಮುಚ್ಚಿಕೊಳ್ಳುವ ಅಭ್ಯಾಸ. ಕೇಳಿ ಮೊದಲೇ ಬುಕ್ ಮಾಡಿದ್ದೆ. ಆ ಇಪ್ಪತ್ತು ನಿಮಿಷದಲ್ಲಿ ಅವನು ಸಾಂಟಾ ಕಡೆ ತಿರುಗಿಯೂ ನೋಡದೆ ಮರದ ರೈಲು ಓಡಿಸಿದ. ಹೊರಡುವಾಗ ಸಾಂಟಾ ಬೂಟಿನ ಮೇಲೆ ರೈಲು ಹತ್ತಿಸಿ ಬಂದ.

ಹೋದ ವರ್ಷದ ಹೊತ್ತಿಗೆ ದೊಡ್ಡವಳಿಗೆ ಎಂಟಾಗಿತ್ತು, ಎಲ್ಲ ಗೊತ್ತಾಗಿತ್ತು. ನವೆಂಬರ್‌ನಲ್ಲಿ ಒಂದು ರಾತ್ರಿ ನೇರವಾಗಿ ಕೇಳಿದಳು, ನೇರವಾಗಿಯೇ ಹೇಳಿದೆ. ನಾಲ್ಕನೇ ಶತಮಾನದಲ್ಲಿ ಈಗಿನ ಟರ್ಕಿಯ ಮೈರಾದಲ್ಲಿ ನಿಕೋಲಸ್ ಅಂತ ಬಿಷಪ್ ಇದ್ದರು, ಮದುವೆಗೆ ದುಡ್ಡಿಲ್ಲದ ಮೂವರು ಹೆಣ್ಣುಮಕ್ಕಳ ಮನೆಗೆ ರಾತ್ರಿ ಯಾರಿಗೂ ಕಾಣದ ಹಾಗೆ ಹಣದ ಗಂಟು ಎಸೆದರಂತೆ ಅನ್ನುವ ಕಥೆ ಹೇಳಿದೆ. "ಹಂಗಾದ್ರೆ ಕೊಡೋರು ಕಾಣಬಾರದು" ಅಂದಳು. ಸ್ವಲ್ಪ ಅತ್ತಳು ಕೂಡ. ಆಮೇಲೆ, ತಮ್ಮನಿಗೆ ಹೇಳಬೇಡ ಅಂತ ನನಗೇ ತಾಕೀತು ಮಾಡಿದಳು.

ಡಿಸೆಂಬರ್‌ನಲ್ಲಿ ನಾವು ನಾಲ್ವರೂ ಸಾಲಲ್ಲಿ ನಿಂತಿದ್ದಾಗ, ಹತ್ತಿರ ಬರುತ್ತಾ ಬರುತ್ತಾ ಚಿಕ್ಕವನ ಹಿಡಿತ ನನ್ನ ಬೆರಳಿನ ಮೇಲೆ ಬಿಗಿಯಾಯಿತು. ನಾನು ಬಾಯಿ ತೆರೆಯುವ ಮುಂಚೆ ಅವಳೇ ಬಗ್ಗಿ ಅವನ ಕಿವಿಯಲ್ಲಿ ಹೇಳಿದಳು: "ಕೂರಲೇಬೇಕು ಅಂತೇನಿಲ್ಲ ಕಣೋ, ಇಲ್ಲಿಂದ ಟಾಟಾ ಮಾಡಿದ್ರೂ ಆಗುತ್ತೆ." ಅವನು ಅವಳ ಕೈ ಹಿಡಿದುಕೊಂಡು ಎಂಟು ಹೆಜ್ಜೆ ಹೋದ, ನಿಂತ, ಚಿತ್ರವನ್ನು ನೆಲದ ಮೇಲಿಟ್ಟು ವಾಪಸ್ ಓಡಿಬಂದ. ನನ್ನ ಫೋನ್‌ನಲ್ಲಿರುವ ಫೋಟೊ ಪೂರ್ತಿ ಅಲುಗಾಡಿದೆ. ಒಂದು ಕಪ್ಪು ಬೂಟು, ನೆಲದ ಮೇಲೆ ಒಂದು ಕಾಗದ, ಓಡುತ್ತಿರುವ ಎರಡು ಚಿಕ್ಕ ಕಾಲು. ಫ್ರೇಮ್ ಹಾಕಿಸಲು ಕೊಟ್ಟಿದ್ದೇನೆ, ಇನ್ನೂ ತರಬೇಕು.