ಒಂದೇ ಪಿಟೀಲಿನಲ್ಲಿ ‘ದಾನ್ಸ್ ಮಕಾಬ್ರ್’: ನನ್ನ ಅನುಭವ

ಫ್ರೆಂಚ್ ಸಂಗೀತಕಾರ ಸ್ಯಾಂ-ಸಾನ್ಸ್‌ನ ‘ದಾನ್ಸ್ ಮಕಾಬ್ರ್’ (ಸಾವಿನ ಕುಣಿತ, 1874) ನುಡಿಸುವುದಾದರೆ ಒಂದು ತಂತಿ ಇಳಿಸಿಟ್ಟ ಇನ್ನೊಂದು ಪಿಟೀಲೂ ಸೇರಿ ಎರಡು ಬೇಕೇ ಬೇಕು, ಒಂದರಲ್ಲಿ ಆಗುವ ಕೆಲಸವಲ್ಲ ಎಂದವರೇ ಎಲ್ಲ. ಬಾಡಿಗೆ ಪಿಟೀಲು ಒಂದು ಸಂಜೆಗೆ ಎರಡು ಸಾವಿರದ ಆಸುಪಾಸು, ಮೇಲೆ ಠೇವಣಿ, ಸಾಲದ್ದಕ್ಕೆ ಕೈಗೆ ಒಗ್ಗದ ವಾದ್ಯ. ಪಿಟೀಲು-ಪಿಯಾನೋಗೆ ಸ್ಯಾಂ-ಸಾನ್ಸ್‌ನೇ ಅಳವಡಿಸಿದ ಆವೃತ್ತಿಯನ್ನು ನಾನು ಒಂದೇ ಪಿಟೀಲಿನಲ್ಲಿ ಮುಗಿಸಿದೆ. ಖರ್ಚು ಒಂದು ತಂತಿ, ಐನೂರು ಚಿಲ್ಲರೆ.

ಈ ಕೃತಿಗೆ ಆಧಾರವಾದ ಫ್ರೆಂಚ್ ಕವಿ ಕಝಾಲಿಸ್‌ನ ಪದ್ಯದಲ್ಲಿ ಸಾವು ನಡುರಾತ್ರಿ ಗೋರಿಗಳ ನಡುವೆ ಪಿಟೀಲು ನುಡಿಸುತ್ತದೆ. ಆ ಅಪಶ್ರುತಿಗಾಗಿಯೇ ಪಿಟೀಲಿನ ಅತಿ ತೆಳ್ಳನೆಯ ಇ ತಂತಿಯನ್ನು ಅರ್ಧ ಸ್ವರ ಕೆಳಗಿನ ಇ-ಫ್ಲಾಟ್‌ಗೆ ಇಳಿಸಬೇಕು. ಪಕ್ಕದ ಎ ತಂತಿಯನ್ನು ಷಡ್ಜ ಅಂದುಕೊಂಡರೆ ಪಂಚಮದ ತಂತಿ ಪ್ರತಿಮಧ್ಯಮಕ್ಕೆ ಬಂದಂತೆ. ಶ್ರುತಿಗೆ ತಕ್ಕಂತೆ ತಂತಿ ಇಳಿಸಿ ಏರಿಸಿ ಅಭ್ಯಾಸವಿರುವ ಕರ್ನಾಟಕ ಸಂಗೀತದ ಕೈಗೆ ಇದರಲ್ಲಿ ಹೆದರುವಂಥದ್ದೇನೂ ಇಲ್ಲ.

ತೊಂದರೆ ಬೇರೆ ಕಡೆ ಇದೆ. ಅರ್ಧ ಸ್ವರ ಇಳಿಸಿದರೆ ತಂತಿಯ ಬಿಗಿ ನೂರಕ್ಕೆ ಹನ್ನೊಂದರಷ್ಟು ಕಡಿಮೆಯಾಗುತ್ತದೆ. ತಂತಿ ಸಡಿಲ, ಕಮಾನು ಒತ್ತಿದರೆ ಸ್ವರ ಮೇಲಕ್ಕೆ ಓಡುತ್ತದೆ, ಬಿಟ್ಟರೆ ಸಿಳ್ಳೆ ಹೊಡೆಯುತ್ತದೆ. ಮಾಮೂಲಿ 0.26 ಮಿ.ಮೀ. ಉಕ್ಕಿನ ತಂತಿ ತೆಗೆದು 0.27 ಹಾಕಿದರೆ ಬಿಗಿ ಬಹುಪಾಲು ವಾಪಸ್ ಬರುತ್ತದೆ. 0.28 ಕೂಡ ಹಾಕಿ ನೋಡಿದೆ. ಬಿಗಿ ಚೆನ್ನಾಗಿತ್ತು, ನಾದ ಮಂಕು.

ಇನ್ನೊಂದು: ಇ ಸಡಿಲವಾದ ಕೂಡಲೇ ಕುದುರೆಯ (ತಂತಿಗಳನ್ನು ಹೊತ್ತ ಮರದ ತುಂಡು) ಮೇಲಿನ ಭಾರ ಇಳಿದು ಉಳಿದ ತಂತಿಗಳು ಕೂದಲೆಳೆಯಷ್ಟು ಏರುತ್ತವೆ. ಇ ಇಳಿಸಿ, ಎ ಸರಿ ಮಾಡಿ, ಮತ್ತೆ ಇ ನೋಡಿ. ಎರಡು ಮೂರು ಸುತ್ತು ಹಾಗೇ. ತಂತಿ ಬಿಗಿಯುವ ಬಿರಡೆಯಲ್ಲಿ ಇ-ಫ್ಲಾಟ್‌ಗಿಂತ ಕೆಳಗೆ ಹೋಗಿ ಮೇಲಕ್ಕೆ ಬನ್ನಿ, ಮೇಲಿಂದ ಇಳಿಸಿ ನಿಲ್ಲಿಸಿದ್ದು ನಿಲ್ಲುವುದಿಲ್ಲ. ಸ-ಪ ಕೂಡಿಸುವಾಗ ಎರಡು ನಾದ ತಾಕಿ ಏಳುವ ಅಲೆ ನಿಂತದ್ದು ಕಿವಿಗೆ ತಿಳಿಯುತ್ತದಲ್ಲ, ಇಲ್ಲಿ ಆ ಆಸರೆ ಇಲ್ಲ. ಪಿಯಾನೋದ ಇ-ಫ್ಲಾಟ್ ಒತ್ತಿಸಿಕೊಂಡೇ ಕೂಡಿಸಿ.

ಬೆರಳಿನ ಲೆಕ್ಕಕ್ಕೆ ಇಡೀ ಭಾಗ ಬರೆಯಬೇಕಿಲ್ಲ. ಇ ತಂತಿಯಲ್ಲಿ ನುಡಿಸುವ ಸ್ವರಗಳನ್ನು ಮಾತ್ರ ಕೆಂಪು ಶಾಯಿಯಲ್ಲಿ ಅರ್ಧ ಸ್ವರ ಮೇಲೆ ಬರೆದುಕೊಂಡೆ. ಜಿ ಬೇಕಾದ ಕಡೆ ಜಿ-ಶಾರ್ಪ್ ಜಾಗಕ್ಕೆ ಬೆರಳು. ಸ್ವರ ಇಳಿಯುತ್ತಾ ಎ ತಂತಿಗೆ ದಾಟುವಲ್ಲಿ ಬೆರಳು ಮುಗ್ಗರಿಸುತ್ತದೆ, ಅಭ್ಯಾಸದ ಮುಕ್ಕಾಲು ಹೊತ್ತು ತಿಂದದ್ದು ಅದೇ.

ಒಟ್ಟಿಗೆ ನುಡಿಸುವ ಮೊದಲ ಎ–ಇ-ಫ್ಲಾಟ್ ಜೋಡಿಗೆ ಕಮಾನನ್ನು ಎರಡೂ ತಂತಿಯ ಮೇಲೆ ಮೊದಲೇ ಕೂರಿಸಿ ಎಳೆಯಬೇಕು. ಗಾಳಿಯಿಂದ ಇಳಿಸಿದರೆ ಸಿಳ್ಳೆ ಗ್ಯಾರಂಟಿ. ರಾಳ ಹಚ್ಚುವುದರಲ್ಲೂ ಒಂದು ಉಪಾಯ ಇದೆ, ಅದು ನನ್ನ ಹತ್ತಿರವೇ ಇರಲಿ.

ಹನ್ನೆರಡು ಗಂಟೆ ಬಾರಿಸುವ ಹಾರ್ಪ್‌ನ ಡಿ ಸ್ವರವನ್ನು ಕೀಬೋರ್ಡಿನ ಹಾರ್ಪ್ ದನಿಯಲ್ಲಿ ನುಡಿಸಿದರೆ ಮೈಕ್ರೋವೇವ್ ಕೂಗಿದ ಹಾಗಿರುತ್ತದೆ; ಪಿಯಾನೋದಲ್ಲೇ ಪೆಡಲ್ ಒತ್ತಿ ಮೆಲ್ಲಗೆ ಹೊಡೆಯಿರಿ. ಮೂಲದಲ್ಲಿ ಕುಣಿಯುವ ಅಸ್ಥಿಪಂಜರಗಳ ಎಲುಬು ಕಟಕಟಿಸುವುದು ಕ್ಸೈಲೋಫೋನ್ (ಮರದ ಪಟ್ಟಿಗಳ ವಾದ್ಯ). ಅದರ ಬದಲು ಜಲತರಂಗದ ಬಟ್ಟಲಲ್ಲೂ ಒಮ್ಮೆ ಪರೀಕ್ಷೆ ಆಯಿತು. ನಾದ ಇಂಪಾಗಿ ಉಳಿದುಬಿಡುತ್ತದೆ, ಇಲ್ಲಿ ಬೇಕಾದದ್ದು ಒಣ ಸದ್ದು.

ಕಾರ್ಯಕ್ರಮದಲ್ಲಿ ಇದನ್ನು ವಿರಾಮದ ನಂತರದ ಮೊದಲ ಐಟಂ ಮಾಡಿ, ವಿರಾಮದಲ್ಲೇ ತಂತಿ ಇಳಿಸಿ. ಏಳು ನಿಮಿಷದಲ್ಲಿ ಮುಗಿಯುತ್ತದೆ. ಮುಂದಿನದು ಬರೀ ಪಿಯಾನೋ ಇರಲಿ. ಇ-ಗೆ ವಾಪಸ್ ಏರಿಸಿದ ತಂತಿ ಹತ್ತು ನಿಮಿಷವಾದರೂ ಜಾರುತ್ತಲೇ ಇರುತ್ತದೆ.