ಆನೆಕಾಲಿಗೆ ಬಕೆಟ್, ಸೋಪು, ಹಳೇ ಸೀರಿ: ನನ್ನ ಅನುಭವ

"ಕಾಲು ತೊಳ್ಸಾಕ ನಿಮಗ ಸಂಬಳ ಕೊಡ್ತಾರೇನ್ರಿ" ಅಂತ ನಮ್ಮ ಆಫೀಸ್ನಾಗೇ ನಕ್ಕಿದ್ರು. ಈಗ ಅವ್ರೇ ಪೇಷಂಟ್ ಕಳಿಸ್ತಾರ, ಅದಕ್ಕ ಬರೀಲಿಕತ್ತೀನಿ.

ಕಲಬುರಗಿ ಕಡೆ ಫೈಲೇರಿಯಾ, ಅಂದ್ರ ಸೊಳ್ಳಿ ಹರಡೋ ಸಣ್ಣ ಹುಳದಿಂದ ಬರೋ ಆನೆಕಾಲು ರೋಗ, ಹೊಸದಲ್ಲ. ಪಕ್ಕದ ಯಾದಗಿರಿನಾಗ 2019ರಾಗ ಐಡಿಎ, ಅಂದ್ರ ಮೂರು ಔಷಧ ಸೇರಿಸಿ ಊರಮಂದಿಗೆಲ್ಲ ನುಂಗಿಸೋದು, ಶುರು ಆದಾಗ ನಮ್ಮ ಮಂದಿನೂ ಕೇಳಿದ್ದು ಒಂದೇ, ಗುಳಿಗಿ ನುಂಗಿದ್ರ ಕಾಲು ಇಳೀತದೇನ್ರಿ. ಗುಳಿಗಿ ಇರೋದು ಹುಳಕ್ಕ, ಬಾತು ಗಟ್ಟಿಯಾದ ಕಾಲಿಗಲ್ಲ ಅಂದ್ರ ಎದ್ದು ಹೋಗ್ತಿದ್ರು.

ನಾನೂ ಮೊದಲು ಬಿದ್ದಿದ್ದು ಬ್ಯಾಂಡೇಜ್ ಹಿಂದ. ಒಬ್ಬ ಕಾಕಾಗ ಸಾದಾ ಕ್ರೇಪ್ ಬ್ಯಾಂಡೇಜ್ ಕಟ್ಟಿ ಕಳಿಸ್ದೆ, ಹೊಲದಾಗ ಅದು ಜಾರಿ ಮೊಣಕಾಲ ಕೆಳಗ ಹಗ್ಗದಂಗ ಬಿಗೀತು, ಮರುದಿನ ಪಾದ ಇನ್ನೂ ದಪ್ಪ, ಮ್ಯಾಲ ಗುಳ್ಳಿ ಬ್ಯಾರೆ. ಆಮ್ಯಾಲ ಶಾರ್ಟ್ ಸ್ಟ್ರೆಚ್, ಅಂದ್ರ ಹೆಚ್ಚು ಹಿಗ್ಗದ ಬ್ಯಾಂಡೇಜ್, ತರಿಸ್ದೆ, ಒಂದು ಕಾಲಿಗೆ ಎರಡು ಸಾವಿರದ ಹತ್ತಿರ, ಮನಿಯವ್ರು ಬಿಸಿನೀರಾಗ ಕುದಿಸಿ ಕುಟ್ಟಿ ಒಗದು ಮೂರೇ ವಾರದಾಗ ಅರಿವಿ ಮಾಡಿಟ್ರು. ಕೈಯಿಂದ ಹನ್ನೊಂದ್ ಹನ್ನೆರಡು ಸಾವಿರ ಹೋಗಿರಬೇಕು. ಕಾಲು ತೊಳೆಯೋ ಪೊಟ್ಯಾಶ್ (ಪೊಟ್ಯಾಸಿಯಂ ಪರ್ಮಾಂಗನೇಟ್) ನೀರು ಜಾಸ್ತಿ ಕಡಕ್ ಮಾಡಿ ಚರ್ಮ ಒಣಗಿಸಿ ಬಿರುಕು ಬಿಡ್ಸಿದ್ದೂ ನಾನೇ.

ಇನ್ನೊಂದು ಪೆದ್ದತನ ಹೇಳ್ತೀನಿ. ಟೇಲರ್ ಟೇಪಿನಿಂದ ಮೊದಲ ಅಳತಿ ಮುಂಜಾನೆ ತಗೊಂಡಿದ್ದೆ, ತಿಂಗಳಾದ ಮ್ಯಾಲ ಸಂಜಿಗೆ. ಕಾಲು ಜಾಸ್ತಿ ಆಗ್ಯದ ಅಂತ ರಿಪೋರ್ಟ್ ಹೋಯ್ತು! ದಿನಾ ಸಂಜಿಗೆ ಬಾವು ಏರ್ತದ ಅಂತ ಗೊತ್ತಿದ್ದೂ ಹಿಂಗ ಮಾಡ್ದೆ.

ದಾರಿ ತೋರಿಸಿದ್ದು ಒಬ್ಬ ಆಯಿ. ತಿಂಗಳಿಗೊಮ್ಮೆ ಚಳಿ ನಡುಕ, ತೊಡಿ ಸಂದಿನಾಗ ಗಡ್ಡಿ, ಕಾಲು ಕೆಂಪಗ ಕೆಂಡದಂಗ. ಬ್ಯಾಟರಿ ಹಿಡಿದು ಕಿರುಬೆರಳ ಸಂದಿ ಬಿಡಿಸಿ ನೋಡಿದ್ರ ನೆನೆದ ಅವಲಕ್ಕಿಯಂಗ ಬೆಳ್ಳಗ ಚರ್ಮ, ನಡುವ ಸೀಳು, ವಾಸನಿ. ಬ್ಯಾಕ್ಟೀರಿಯಾ ಒಳಗ ಹೋಗೋ ಬಾಗಿಲೇ ಅದು. ಆವತ್ತಿನಿಂದ ಬ್ಯಾಂಡೇಜ್ ಬದಿಗಿಟ್ಟು ಬೆರಳ ಸಂದಿಗೇ ಕುಂತೆ. ತಣ್ಣನ ನೀರು, ಹತ್ತು ರೂಪಾಯಿ ಸೋಪು, ಕೈಯಿಂದಷ್ಟೇ, ಬ್ರಷ್ ಕಲ್ಲು ಏನಿಲ್ಲ. ಆಮ್ಯಾಲ ಹಳೇ ಕಾಟನ್ ಸೀರಿ ಪಟ್ಟಿ ಸಂದಿನಾಗ ಇಟ್ಟು ಒತ್ತೋದು, ತಿಕ್ಕೋದಲ್ಲ, ಪಟ್ಟಿ ಒಣಾ ಬರೋತನಕ, ಕಡೀಕ ಫಂಗಸ್ ಮುಲಾಮು. "ಇಷ್ಟು ವರ್ಷ ಕಾಲು ತೊಳದೀನವ್ವ, ಸಂದಿ ತೊಳದಿಲ್ಲ ನೋಡು" ಅಂದ್ಲು ಆಯಿ. ಹಿಂದಿನ ವರ್ಷ ಒಂಬತ್ತೋ ಹತ್ತೋ ಸಲ ಜ್ವರ ಬಂದಿತ್ತು, ಮುಂದಿನ ವರ್ಷ ಎರಡೇ, ಒಂದಂತೂ ತೊಗರಿ ಕೂಳಿ ಚುಚ್ಚಿಸಿಕೊಂಡು ಬಂದದ್ದು. ಜ್ವರ ಇದ್ದಾಗ ಕಾಲಿನ ವ್ಯಾಯಾಮ, ಬ್ಯಾಂಡೇಜ್ ಏನೇ ಇದ್ರೂ ಬಂದ್, ತಣ್ಣೀರ ಅರಿವಿ, ಡಾಕ್ಟ್ರ ಕಡೆ ಆಂಟಿಬಯೋಟಿಕ್. ಪಾದದ ಗಂಟಿನ ಹತ್ರ ಅಳತಿ ಮೂರು ಸೆಂಟಿಮೀಟರ್ ಇಳೀತು, ಮುಂಜಾನಿ ಅಳತಿನೇ ಮತ್ತ! ಕಾಲು ಮೊದಲಿನಂಗ ಆಗ್ಯದ ಅಂತ ಮಾತ್ರ ನಾ ಹೇಳಲ್ಲ.

ಹದಿನೈದು ಮಂದಿಗೆ ಶುರು ಮಾಡಿದ್ದೆ, ನಾಲ್ಕು ಮಂದಿ ಬಿಟ್ರು. ಉಳಿದವ್ರು ನಿಂತಿದ್ದು ಗುಂಪಿನಿಂದ. ಬ್ರೆಜಿಲ್ನ ರೆಸಿಫೆಯಾಗ ಡಾ. ಗೆರುಸಾ ಡ್ರೆಯರ್ ಪೇಷಂಟುಗಳದ್ದೇ ಹೋಪ್ ಕ್ಲಬ್ ಕಟ್ಟಿದ್ರು, ಅದನ್ನೇ ನಕಲು ಹೊಡ್ದೆ. ಗುರುವಾರ ಗುರುವಾರ ಐದಾರು ಹೆಣ್ಮಕ್ಕಳು ರೊಟ್ಟಿ ಕಟ್ಕೊಂಡು ಬಂದು ಸಾಲಾಗಿ ಕುಂತು ತೊಳ್ಕೋತಾರ. ಮದುವಿ ಮನ್ಯಾಗ ಸೀರಿ ಇಳಿಬಿಟ್ಟು ಕಾಲು ಮುಚ್ಕೊಂಡು ಮೂಲ್ಯಾಗ ಕೂಡ್ತಿದ್ದವ್ರು ಇಲ್ಲಿ ಒಬ್ರ ಸಂದಿ ಒಬ್ರು ಚೆಕ್ ಮಾಡಿ ಬೈತಾರ. ಗಂಡಸ್ರು ಧೋತ್ರ ಎತ್ತಿ ಕಾಲು ತೋರ್ಸೋಹಂಗ ಮಾಡೋಕ ನನ್ ಹತ್ರ ಒಂದು ಉಪಾಯ ಅದ, ಅದನ್ನ ಬರಿಯಲ್ಲ, ಬಂದು ನೋಡ್ರಿ.

ನಡುವ ಬೇವಿನೆಲಿ ನೀರೂ ನೋಡ್ದೆ, ಸೋಪಿಗಿಂತ ಹೆಚ್ಚಿಂದೇನೂ ಕಾಣಲಿಲ್ಲ. ಮಲಗಿದಾಗ ಕಾಲು ಎತ್ತರ ಇರ್ಲಿ ಅಂತ ಮಂಚದ ಕಾಲ್ದೆಸೆಗೆ ಒಂದೊಂದು ಇಟ್ಟಂಗಿ ಇಡ್ಸಿದ್ದು ಮಾತ್ರ ಫಸ್ಟ್ ಕ್ಲಾಸ್, ತಲಿದಿಂಬಿನಂಗ ರಾತ್ರಿ ಜಾರಂಗಿಲ್ಲ. ಚಪ್ಪಲಿದೇ ತಲಿನೋವು, ಅಂಗಡಿ ಸೈಜ್ ಒಂದೂ ಹಿಡಿಯಲ್ಲ. ಚಪ್ಪಲಿ ಹೊಲಿಯೋರ ಕಡೆ ಮೆತ್ತನ ರಬ್ಬರ್, ಅಗಲ ಪಟ್ಟಿ, ವೆಲ್ಕ್ರೋ ಹಾಕ್ಸಿ ಜೋಡಿಗೆ ನಾನೂರರ ಮ್ಯಾಲ ಬೀಳ್ತದ, ತೊಗರಿ ಹೊಲದಾಗ ಆರು ತಿಂಗಳು ಬಂದ್ರ ಹೆಚ್ಚು, ವೆಲ್ಕ್ರೋ ತುಂಬ ಕರೇ ಮಣ್ಣು ಕುಂತು ಹಿಡಿಯೋದೇ ಬಿಡ್ತದ. ಈಗ ಬಕಲ್ ಹಾಕ್ಸಿ ನೋಡ್ಲಿಕತ್ತೀನಿ.